ಷೇಕ್ಸ್‌ಪಿಯರನ ಚರಿತ್ರೆಯ ನಾಟಕಗಳು: ಕತ್ತಿಯಿಂದ ಗೆದ್ದ ಮೇಲೂ ಅರಸರಿಗೆ ಓಲೈಕೆ ಏಕೆ ಬೇಕಾಯಿತು?

ಮಲೆನಾಡಿನ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಷೇಕ್ಸ್‌ಪಿಯರನ ದುರಂತ ನಾಟಕಗಳನ್ನು ಮೊದಲೇ ಓದಿಕೊಂಡಿದ್ದ ನಾನು ಈಚೆಗೆ ಅವನ ಚರಿತ್ರೆಯ ನಾಟಕಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ‘ಮೂರನೆಯ ರಿಚರ್ಡ್’ ನಾಟಕದ ಮೊದಲ ಅಂಕದ ಎರಡನೆಯ ದೃಶ್ಯದಿಂದ ಮುಂದಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ. ಗ್ಲಾಸ್ಟರಿನ ಡ್ಯೂಕ್ ರಿಚರ್ಡ್ ತಾನೇ ಕೊಂದ ಆರನೆಯ ಹೆನ್ರಿಯ ಶವಯಾತ್ರೆಯನ್ನು ನಡುದಾರಿಯಲ್ಲಿ ತಡೆದು, ಆ ಶವದ ಪಕ್ಕದಲ್ಲಿಯೇ ನಿಂತು, ಹೆನ್ರಿಯ ಸೊಸೆಯಾದ ಆನ್‌ಳನ್ನು ತನ್ನ ಹೆಂಡತಿಯಾಗೆಂದು ಬೇಡುತ್ತಾನೆ. ಅವಳ ಗಂಡನನ್ನು ಕೊಂದವನೂ ಇವನೇ. ಮೊದಲು ಶಪಿಸಿ, ನಡುವೆ ಅವನ ಮುಖಕ್ಕೆ ಉಗುಳಿದ ಆನ್ ಕೊನೆಗೆ ಅವನ ಉಂಗುರವನ್ನು ಬೆರಳಿಗೆ ತೊಟ್ಟು ಹೊರಡುತ್ತಾಳೆ. ಇದನ್ನು ನಂಬುವುದು ಹೇಗೆ? ಅವಳನ್ನು ಚಂಚಲೆ ಎಂದು ತಳ್ಳಿಹಾಕುವ ವಿಮರ್ಶೆಯನ್ನು ಓದಿದ್ದೇನೆ. ಅದು ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನೊಂದು ಸಂದೇಹವೂ ಇದಕ್ಕೆ ಹೊಂದಿಕೊಂಡೇ ಇದೆ. ‘ಐದನೆಯ ಹೆನ್ರಿ’ ನಾಟಕದ ಕೊನೆಯಲ್ಲಿ ಅಜಿನ್‌ಕೋರ್ಟಿನ ಯುದ್ಧವನ್ನು ಗೆದ್ದ ಹೆನ್ರಿ, ಫ್ರಾನ್ಸಿನ ರಾಜಕುಮಾರಿ ಕ್ಯಾಥರೀನಳ ಎದುರು ಪ್ರೇಮಭಿಕ್ಷೆ ಬೇಡುವವನಂತೆ ಬಹಳ ಹೊತ್ತು ಮಾತನಾಡುತ್ತಾನೆ. ಆದರೆ ಅವಳೊಂದಿಗಿನ ಮದುವೆ ಅವನು ಮುಂದಿಟ್ಟ ಸಂಧಿಯ ಷರತ್ತುಗಳಲ್ಲಿಯೇ ಸೇರಿದೆ. ಕೇಳದೆಯೂ ಸಿಗುವುದನ್ನು ಇವನು ಏಕೆ ಕೇಳುತ್ತಾನೆ? ಈ ಎರಡು ದೃಶ್ಯಗಳಿಗೂ ಒಳಗೆ ಏನಾದರೂ ನಂಟಿದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ರಂಗಾಸಕ್ತೆ (ಉತ್ತರ)

ಓದುಗರೇ, ನೀವು ಆರಿಸಿಕೊಂಡ ದೃಶ್ಯದ ಮಾತುಗಳನ್ನು ಸಾಲು ಸಾಲಾಗಿ ಹಿಡಿದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆನ್ ಮೋಸಹೋಗುವುದೇ ಇಲ್ಲ. ರಿಚರ್ಡ್ ಮಂಡಿಯೂರಿ, ತನ್ನ ಕತ್ತಿಯನ್ನು ಅವಳ ಕೈಗಿತ್ತು, ಎದೆಯನ್ನು ತೆರೆದು, ಹೆನ್ರಿಯನ್ನು ಕೊಂದವನು ನಾನೇ, ಆದರೆ ನಿನ್ನ ಚೆಲುವೇ ನನ್ನನ್ನು ಪ್ರಚೋದಿಸಿತು ಎನ್ನುತ್ತಾನೆ. ಅವಳು ಕತ್ತಿಯನ್ನು ಕೆಳಗೆ ಬೀಳಿಸುತ್ತಾಳೆ. ಆಗ ಅವಳ ಬಾಯಿಂದ ಹೊರಡುವ ಮೊದಲ ಮಾತು, ಏಳು ಕಪಟಿಯೇ, ನಿನ್ನ ಸಾವನ್ನು ಬಯಸಿದರೂ ನಿನ್ನನ್ನು ಕೊಲ್ಲುವವಳು ನಾನಾಗಲಾರೆ ಎಂಬುದು. ನಿನ್ನ ಹೃದಯದಲ್ಲಿ ಏನಿದೆಯೋ ತಿಳಿಯಬೇಕಿತ್ತು ಎಂದು ಅವಳು ಕೇಳಿದಾಗ, ಅದು ನನ್ನ ನಾಲಿಗೆಯ ಮೇಲೆಯೇ ಇದೆ ಎಂದು ಅವನು ಹೇಳುತ್ತಾನೆ. ಎರಡೂ ಸುಳ್ಳೆಂದು ನನಗೆ ಭಯ ಎಂಬುದು ಅವಳ ಉತ್ತರ. ಉಂಗುರವನ್ನು ಸ್ವೀಕರಿಸುವಾಗಲೂ, ತೆಗೆದುಕೊಂಡ ಮಾತ್ರಕ್ಕೆ ಕೊಟ್ಟಂತಾಗಲಿಲ್ಲ ಎಂದು ಹೇಳಿಯೇ ಸ್ವೀಕರಿಸುತ್ತಾಳೆ. ಇಷ್ಟೆಲ್ಲ ತಿಳಿದವಳನ್ನು ಬುದ್ಧಿಗೇಡಿ ಎನ್ನಲು ಬರುವುದಿಲ್ಲ.

ಹಾಗಾದರೆ ಅವಳು ಒಪ್ಪುವುದೇಕೆ? ಉತ್ತರ ದೃಶ್ಯದ ಆರಂಭದಲ್ಲಿಯೇ ಇದೆ. ಶವವನ್ನು ಕಾಯಲೆಂದು ಆಯುಧ ಹಿಡಿದು ಬಂದ ಕಾವಲುಗಾರರು ರಿಚರ್ಡನ ಒಂದೇ ಗದರಿಕೆಗೆ ಹಿಂದೆ ಸರಿಯುತ್ತಾರೆ. ಏನು, ನೀವೆಲ್ಲ ನಡುಗುತ್ತಿದ್ದೀರಾ ಎಂದು ಅವಳು ಅವರನ್ನೇ ಕೇಳುತ್ತಾಳೆ. ಮಾವ ಸತ್ತಿದ್ದಾನೆ, ಗಂಡ ಸತ್ತಿದ್ದಾನೆ, ತಂದೆ ವಾರಿಕ್ ಸತ್ತಿದ್ದಾನೆ, ಕೂಲಿಗೆ ಬಂದ ಕಾವಲಿನವರೂ ಅವಳ ಪರವಾಗಿಲ್ಲ. ನಟಿಯರು ಈ ಕಾವಲುಗಾರರ ಹಿಂಜರಿತವನ್ನು ಅವಸರದಲ್ಲಿ ದಾಟಿಬಿಟ್ಟರೆ ಮುಂದಿನದೆಲ್ಲವೂ ನಂಬಲಾಗದ ಮಾಯೆಯಂತೆ ಕಾಣುತ್ತದೆ. ಅದನ್ನು ಸರಿಯಾಗಿ ನಿಲ್ಲಿಸಿ ತೋರಿಸಿದರೆ, ಉಳಿದ ದಾರಿಗಳೆಲ್ಲ ಮುಚ್ಚಿಹೋಗಿವೆ ಎಂಬುದು ಪ್ರೇಕ್ಷಕರಿಗೆ ಮೊದಲೇ ತಿಳಿದಿರುತ್ತದೆ. ಕತ್ತಿಯನ್ನು ಅವಳ ಕೈಗೆ ಕೊಡುವುದರಲ್ಲಿಯೂ ಇದೇ ಲೆಕ್ಕಾಚಾರವಿದೆ. ಕೊಲ್ಲುವುದು ಇಲ್ಲವೇ ವರಿಸುವುದು ಎಂಬ ಎರಡೇ ಆಯ್ಕೆಗಳನ್ನು ಮುಂದಿಟ್ಟು, ಮೊದಲನೆಯದು ಅವಳಿಂದ ಆಗದು ಎಂದು ಅರಿತವನಂತೆ ಅವನು ಎದೆ ತೆರೆದು ಕೂತಿರುತ್ತಾನೆ.

ಈ ದೃಶ್ಯದಲ್ಲಿ ನಿಜವಾದ ಸುಳ್ಳು ಬೇರೆಡೆ ಇದೆ, ಮತ್ತು ಅದು ಬಹಳ ಚಿಕ್ಕದು. ಈ ಪುಣ್ಯವಂತ ರಾಜನನ್ನು ಚೆರ್ಟ್‌ಸಿಯ ಮಠದಲ್ಲಿ ನಾನೇ ಸಮಾಧಿ ಮಾಡಿಸಿ, ಪಶ್ಚಾತ್ತಾಪದ ಕಣ್ಣೀರಿನಿಂದ ಆ ಗೋರಿಯನ್ನು ತೋಯಿಸುತ್ತೇನೆ ಎಂದು ಹೇಳಿ ರಿಚರ್ಡ್ ಆನ್‌ಳನ್ನು ತನ್ನ ಮನೆಗೆ ಕಳುಹಿಸುತ್ತಾನೆ. ಅವಳು ಮರೆಯಾದ ಕೂಡಲೇ ಶವ ಹೊತ್ತವರು, ಚೆರ್ಟ್‌ಸಿಯ ಕಡೆಗೇ ತಾನೇ, ಪ್ರಭು, ಎಂದು ಕೇಳುತ್ತಾರೆ. ಇಲ್ಲ, ವೈಟ್‌ಫ್ರಯರ್ಸ್‌ಗೆ ಒಯ್ಯಿರಿ ಎನ್ನುತ್ತಾನೆ. ಅವಳ ಒಪ್ಪಿಗೆ ಕೈಸೇರಿದ ಮೇಲೆ ಸತ್ತವನಿಗೆ ಕೊಟ್ಟ ಮಾತನ್ನು ಒಂದು ನಿಮಿಷವೂ ಉಳಿಸಿಕೊಳ್ಳಬೇಕೆಂದು ಅವನಿಗೆ ಅನ್ನಿಸುವುದಿಲ್ಲ. ಇಂಥ ರೀತಿಯಲ್ಲಿ ಯಾವ ಹೆಣ್ಣನ್ನಾದರೂ ಯಾರಾದರೂ ಒಲಿಸಿಕೊಂಡದ್ದುಂಟೇ ಎಂದು ಅವನು ಹಿಗ್ಗುವುದು, ಅವಳನ್ನು ಪಡೆಯುತ್ತೇನೆ ಆದರೆ ಬಹಳ ದಿನ ಇಟ್ಟುಕೊಳ್ಳುವುದಿಲ್ಲ ಎಂದು ಹೇಳುವುದು ಇದರ ಬೆನ್ನಿಗೇ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅರಸನಾಗಬೇಕಾದವನಿಗೆ ಬಲದಿಂದ ಕಸಿದುಕೊಂಡದ್ದು ಸಾಲುವುದಿಲ್ಲ. ಸೋತವರ ಬಾಯಿಂದಲೇ ಹೌದು ಎಂಬ ಮಾತು ಹೊರಡಬೇಕು. ಈ ನಾಟಕಗಳಲ್ಲಿ ಓಲೈಕೆ ಎಂದರೆ ಆ ಹೌದನ್ನು ಹೊರಡಿಸುವ ಉಪಾಯ. ಇದಕ್ಕೆ ಅತ್ಯುತ್ತಮ ಸಾಕ್ಷಿ ಅದೇ ನಾಟಕದ ಮೂರನೆಯ ಅಂಕದ ಏಳನೆಯ ದೃಶ್ಯ. ಲಂಡನ್ನಿನ ಮೇಯರ್ ಮತ್ತು ನಾಗರಿಕರು ಬೇನಾರ್ಡ್ಸ್ ಕಾಸಲ್‌ಗೆ ಬರುವ ಮುನ್ನ ರಿಚರ್ಡನ ಆಪ್ತನಾದ ಬಕಿಂಗ್‌ಹ್ಯಾಮ್ ಅವನಿಗೆ ಪಾಠ ಹೇಳಿಕೊಡುತ್ತಾನೆ: ಕೈಯಲ್ಲಿ ಪ್ರಾರ್ಥನೆಯ ಪುಸ್ತಕವಿರಲಿ, ಇಬ್ಬರು ಪಾದ್ರಿಗಳ ನಡುವೆ ನಿಂತುಕೊಳ್ಳಿ, ಕನ್ಯೆಯ ಪಾತ್ರವನ್ನು ವಹಿಸಿ, ಬೇಡ ಬೇಡ ಎನ್ನುತ್ತಲೇ ತೆಗೆದುಕೊಳ್ಳಿ. ಮೊದಲ ಅಂಕದಲ್ಲಿ ವರನಾಗಿ ಬೇಡಿದವನು ಇಲ್ಲಿ ವಧುವಾಗಿ ಬೇಡಿಸಿಕೊಳ್ಳುತ್ತಾನೆ. ನಾಗರಿಕರೂ ಆನ್‌ಳಂತೆಯೇ. ಬಕಿಂಗ್‌ಹ್ಯಾಮ್ ಗಿಲ್ಡ್‌ಹಾಲಿನಲ್ಲಿ ಭಾಷಣ ಮಾಡಿದಾಗ ಅವರು ಕಲ್ಲಿನಂತೆ ಮೂಕರಾಗಿ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿದ್ದರು ಎಂದು ಅವನೇ ವರದಿ ಮಾಡುತ್ತಾನೆ. ನಂಬಿದವರು ಯಾರೂ ಇಲ್ಲ. ಆದರೂ ಕಿರೀಟವನ್ನು ಸ್ವೀಕರಿಸಬೇಕೆಂಬ ಬೇಡಿಕೆ ಅವರ ಹೆಸರಿನಲ್ಲಿಯೇ ಸಲ್ಲುತ್ತದೆ.

‘ಎರಡನೆಯ ರಿಚರ್ಡ್’ ನಾಟಕದಲ್ಲಿಯೂ ಇದರ ಸುಳಿವಿದೆ. ದೇಶಭ್ರಷ್ಟನಾಗಿ ಹೊರಟ ಬೋಲಿಂಗ್‌ಬ್ರೋಕ್ ದಾರಿಯುದ್ದಕ್ಕೂ ಸಾಮಾನ್ಯ ಜನರನ್ನು ಹೇಗೆ ಒಲಿಸಿಕೊಂಡ, ಸಿಂಪಿ ಮಾರುವ ಹೆಂಗಸಿಗೂ ಹೇಗೆ ಟೋಪಿ ತೆಗೆದು ವಂದಿಸಿದ ಎಂದು ರಾಜ ಅಸಹನೆಯಿಂದ ಹೇಳುತ್ತಾನೆ. ಹೆಣ್ಣನ್ನು ಒಲಿಸುವುದಕ್ಕೆ ಬಳಸುವ ಮಾತನ್ನೇ ಪ್ರಜೆಗಳನ್ನು ಒಲಿಸುವುದಕ್ಕೂ ಆ ನಾಟಕ ಬಳಸಿದೆ. ಆ ಟೋಪಿಯನ್ನು ತೆಗೆದವನೇ ಮುಂದೆ ನಾಲ್ಕನೆಯ ಹೆನ್ರಿಯಾದ.

ಚರಿತ್ರೆಯ ವಿದ್ಯಾರ್ಥಿ (ಉತ್ತರ)

ರಂಗಾಸಕ್ತೆಯವರ ವಿವರಣೆ ತುಂಬ ಹಿಡಿಸಿತು. ನಾಟಕದ ಆಚೆಗಿನ ಕೆಲವು ಸಂಗತಿಗಳನ್ನು ಸೇರಿಸುವುದು ಉಪಯುಕ್ತವೆಂದು ತೋರುತ್ತದೆ, ಏಕೆಂದರೆ ನಾಟಕಕಾರ ಎಲ್ಲಿ ಬದಲಾಯಿಸಿದ್ದಾನೆ ಎಂಬುದರಿಂದಲೇ ಅವನ ಆಸಕ್ತಿ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಶವದ ಪಕ್ಕದಲ್ಲಿ ನಡೆಯುವ ಆ ಪ್ರಣಯಯಾಚನೆ ಷೇಕ್ಸ್‌ಪಿಯರ್ ಆಧರಿಸಿದ ವೃತ್ತಾಂತಗಳಲ್ಲಿ ಇಲ್ಲ. ಅದು ಅವನ ಕಲ್ಪನೆ. ಆನ್ ನೆವಿಲ್‌ಳ ತಂದೆ ವಾರಿಕ್ 1471ರ ಏಪ್ರಿಲ್ 14ರಂದು ಬಾರ್ನೆಟ್ಟಿನಲ್ಲಿ, ಅವಳ ಗಂಡ ರಾಜಕುಮಾರ ಎಡ್ವರ್ಡ್ ಮೇ 4ರಂದು ಟ್ಯೂಕ್ಸ್‌ಬರಿಯಲ್ಲಿ ಸತ್ತರು. ಅದೇ ತಿಂಗಳು ಆರನೆಯ ಹೆನ್ರಿ ಲಂಡನ್ ಗೋಪುರದಲ್ಲಿ ಸತ್ತ. ಆಗ ಆನ್‌ಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ವಾರಿಕ್‌ನ ಅಪಾರ ಆಸ್ತಿಗೆ ಅವನ ಇಬ್ಬರು ಹೆಣ್ಣುಮಕ್ಕಳೇ ವಾರಸುದಾರರು. ಹಿರಿಯವಳಾದ ಇಸಬೆಲ್ ರಿಚರ್ಡನ ಅಣ್ಣ ಕ್ಲಾರೆನ್ಸನ ಹೆಂಡತಿ. ಕಿರಿಯವಳು ಮದುವೆಯಾದರೆ ಆಸ್ತಿ ಹಂಚಿಹೋಗುತ್ತದೆ ಎಂದು ಕ್ಲಾರೆನ್ಸ್ ಆನ್‌ಳನ್ನು ಬಚ್ಚಿಟ್ಟನೆಂದೂ, ರಿಚರ್ಡ್ ಅವಳನ್ನು ಲಂಡನ್ನಿನಲ್ಲಿ ಅಡುಗೆಯವಳ ವೇಷದಲ್ಲಿ ಪತ್ತೆಮಾಡಿ ಸೇಂಟ್ ಮಾರ್ಟಿನ್ ಚರ್ಚಿನ ಆಶ್ರಯಕ್ಕೆ ಸಾಗಿಸಿದನೆಂದೂ ಕ್ರೋಲೆಂಡ್ ಮಠದ ವೃತ್ತಾಂತ ಹೇಳುತ್ತದೆ. ವಾಸ್ತವದಲ್ಲಿಯೂ ವಂಚನೆ ಇತ್ತು, ಆದರೆ ಅದು ಅಣ್ಣತಮ್ಮಂದಿರ ಆಸ್ತಿಯ ಜಗಳದ ವಂಚನೆ. ಹುಡುಗಿ ಏನೆಂದಳು ಎಂಬುದು ದಾಖಲೆಗಳಲ್ಲಿ ಸಿಗುವುದಿಲ್ಲ. ಷೇಕ್ಸ್‌ಪಿಯರ್ ಆಸ್ತಿಯನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅವಳಿಗೆ ಮಾತು ಕೊಟ್ಟ. ಆ ಮಾತನ್ನು ಕೊಟ್ಟದ್ದರಿಂದಲೇ ನಾವು ಇಂದು ಇದನ್ನು ಚರ್ಚಿಸುತ್ತಿದ್ದೇವೆ.

ರಿಚರ್ಡನನ್ನು ರಾಕ್ಷಸನಂತೆ ಚಿತ್ರಿಸಿದ್ದಕ್ಕೆ ಅವನನ್ನು ಸೋಲಿಸಿ ಪಟ್ಟಕ್ಕೆ ಬಂದ ಟ್ಯೂಡರ್ ಮನೆತನದ ಕಾಲದ ಬರಹಗಾರರಾದ ಥಾಮಸ್ ಮೋರ್, ಹಾಲ್, ಹಾಲಿನ್‌ಶೆಡ್ ಅವರ ಋಣವಿದೆ. ಆದರೆ ಅವನ ಬಾಯಲ್ಲಿ ಇಟಲಿಯ ರಾಜನೀತಿಯ ಬರಹಗಾರ ಮಾಕಿಯವೆಲ್ಲಿಯ ಹೆಸರು ಬರುವುದು ಗಮನಾರ್ಹ. ‘ಆರನೆಯ ಹೆನ್ರಿ’ಯ ಮೂರನೆಯ ಭಾಗದಲ್ಲಿ, ಕೊಲೆಗಡುಕ ಮಾಕಿಯವೆಲ್ಲಿಗೂ ನಾನು ಪಾಠ ಹೇಳಬಲ್ಲೆ ಎಂದು ಅವನು ಸ್ವಗತದಲ್ಲಿ ಹೇಳುತ್ತಾನೆ. ನಿಜವಾದ ರಿಚರ್ಡ್ 1485ರಲ್ಲಿ ಬಾಸ್‌ವರ್ತ್ ಕದನದಲ್ಲಿ ಮಡಿದಾಗ ಮಾಕಿಯವೆಲ್ಲಿಗೆ ಹದಿನಾರು ವರ್ಷ. ಅರಸನಾದವನಿಗೆ ಸದ್ಗುಣಗಳು ಇರಲೇಬೇಕೆಂದಿಲ್ಲ, ಇವೆಯೆಂದು ತೋರಬೇಕು ಎಂಬ ಅವನ ಪುಸ್ತಕ ಅಚ್ಚಾದದ್ದು 1532ರಲ್ಲಿ. ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲಿ ಮಾಕಿಯವೆಲ್ಲಿಯ ಹೆಸರೇ ಒಂದು ಬೈಗುಳವಾಗಿತ್ತು.

ನೆನಪಿಡಬೇಕಾದ ಇನ್ನೊಂದು ಹಿನ್ನೆಲೆಯಿದೆ. ಈ ನಾಟಕಗಳು ಹುಟ್ಟಿದ 1590ರ ದಶಕದಲ್ಲಿ ಸಿಂಹಾಸನದ ಮೇಲೆ ಮದುವೆಯಾಗದ ರಾಣಿ ಮೊದಲನೆಯ ಎಲಿಜಬೆತ್ ಇದ್ದಳು. ಅವಳ ವರನ ಪ್ರಶ್ನೆ ದಶಕಗಳ ಕಾಲ ಯುರೋಪಿನ ರಾಜತಂತ್ರದ ವಿಷಯವಾಗಿತ್ತು. ಅವಳು ಯಾವ ವರನಿಗೂ ಪೂರ್ತಿ ಹೌದೆನ್ನದೆ, ಪೂರ್ತಿ ಇಲ್ಲವೆನ್ನದೆ ಫ್ರಾನ್ಸ್ ಮತ್ತು ಸ್ಪೇನ್ ಎರಡನ್ನೂ ತೂಗಿಸಿಕೊಂಡು ಹೋದವಳು. ಫ್ರಾನ್ಸಿನ ಆಂಜು ಡ್ಯೂಕನೊಂದಿಗಿನ ಸಂಬಂಧವನ್ನು ವಿರೋಧಿಸಿ ಬರೆದದ್ದಕ್ಕೆ ಜಾನ್ ಸ್ಟಬ್ಸ್ ಎಂಬಾತನ ಬಲಗೈಯನ್ನು 1579ರಲ್ಲಿ ಸಾರ್ವಜನಿಕವಾಗಿ ಕಡಿಯಲಾಯಿತು. ಅರಸರ ಪ್ರಣಯವೆಂದರೆ ರಾಜ್ಯದ ವ್ಯವಹಾರ ಎಂಬುದನ್ನು ಆ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಳೆಯ ಪುಟಗಳು (ಉತ್ತರ)

ಪ್ರಶ್ನೆಯ ಎರಡನೆಯ ಭಾಗವನ್ನು ನಾನು ಎತ್ತಿಕೊಳ್ಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಐದನೆಯ ಹೆನ್ರಿಯನ್ನು ರಿಚರ್ಡನ ಸಾಲಿನಲ್ಲಿ ಕೂರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ರಿಚರ್ಡ್ ತನ್ನ ಉದ್ದೇಶವನ್ನು ಆನ್‌ಳಿಂದ ಮುಚ್ಚಿಟ್ಟು ನಮಗೆ ಹೇಳುತ್ತಾನೆ. ಹೆನ್ರಿ ಯಾರಿಂದಲೂ ಏನನ್ನೂ ಮುಚ್ಚಿಡುವುದಿಲ್ಲ. ಉಳಿದವರೆಲ್ಲ ಷರತ್ತುಗಳನ್ನು ಪರಿಶೀಲಿಸಲು ಒಳಗೆ ಹೋಗುವಾಗ, ಕ್ಯಾಥರೀನಳನ್ನು ಇಲ್ಲಿಯೇ ಬಿಡಿ, ಅವಳೇ ನಮ್ಮ ಮುಖ್ಯ ಬೇಡಿಕೆ ಎಂದು ಎಲ್ಲರೆದುರು ಹೇಳುತ್ತಾನೆ. ಫ್ರಾನ್ಸಿನ ಶತ್ರುವನ್ನು ನಾನು ಪ್ರೀತಿಸುವುದು ಸಾಧ್ಯವೇ ಎಂದು ಅವಳು ಕೇಳಿದರೆ, ನಾನು ಫ್ರಾನ್ಸನ್ನು ಎಷ್ಟು ಪ್ರೀತಿಸುತ್ತೇನೆಂದರೆ ಅದರ ಒಂದು ಹಳ್ಳಿಯನ್ನೂ ಬಿಟ್ಟುಕೊಡಲಾರೆ ಎನ್ನುತ್ತಾನೆ. ಇದಕ್ಕಿಂತ ಬಿಚ್ಚುಮನಸ್ಸಿನ ಮಾತು ಇರಲಾರದು.

ಆದರೂ ಇಲ್ಲಿ ವಂಚನೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಆಳದಲ್ಲಿದೆ. ನಾನು ಒರಟು ಸೈನಿಕ, ನನಗೆ ಬಣ್ಣದ ಮಾತು ಬಾರದು ಎಂಬುದನ್ನೇ ಅವನು ನಾಟಕದ ಅತ್ಯಂತ ನಿರರ್ಗಳವಾದ ಗದ್ಯದಲ್ಲಿ ಹೇಳುತ್ತಾನೆ. ಇದೇ ಮನುಷ್ಯ ರಾಜಕುಮಾರನಾಗಿದ್ದಾಗ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ, ಮೋಡಗಳ ಹಿಂದೆ ಅವಿತು ಆಮೇಲೆ ಬೆಳಗುವ ಸೂರ್ಯನಂತೆ ತಾನು ಈಗ ಪುಂಡರ ನಡುವೆ ಇದ್ದು ಮುಂದೆ ಎಲ್ಲರನ್ನೂ ಬೆರಗುಗೊಳಿಸುತ್ತೇನೆ ಎಂದು ಲೆಕ್ಕ ಹಾಕಿದವನು. ಅಜಿನ್‌ಕೋರ್ಟಿನ ಹಿಂದಿನ ರಾತ್ರಿ ಬೇರೊಬ್ಬರ ಮೇಲಂಗಿ ಹೊದ್ದು, ಹೆಸರು ಮರೆಸಿ, ತನ್ನದೇ ಸೈನಿಕರ ಮನಸ್ಸನ್ನು ತಡವಿ ನೋಡಿದವನು. ಹೀಗಾಗಿ ಸರಳತೆ ಅವನ ವೇಷಗಳಲ್ಲಿ ಕೊನೆಯದು ಎಂದು ನನಗೆ ತೋರುತ್ತದೆ. ಕ್ಯಾಥರೀನ್ ಅದನ್ನು ಗುರುತಿಸುತ್ತಾಳೆ. ನೀನು ದೇವತೆಯಂತೆ ಇದ್ದೀಯೆ ಎಂದ ಕೂಡಲೇ ಅವಳು ಫ್ರೆಂಚಿನಲ್ಲಿ, ಅಯ್ಯೋ ದೇವರೇ, ಗಂಡಸರ ನಾಲಿಗೆಯ ತುಂಬ ಮೋಸ ಎನ್ನುತ್ತಾಳೆ. ಹೆನ್ರಿ ಆ ಮಾತನ್ನೂ ಹೊಗಳಿಕೆಯಾಗಿ ತಿರುಗಿಸಿಕೊಳ್ಳುತ್ತಾನೆ. ಕೊನೆಗೆ ಮದುವೆಯ ಮಾತಿಗೆ ಅವಳು ಕೊಡುವ ಉತ್ತರ ಒಂದೇ: ನನ್ನ ತಂದೆ ರಾಜನ ಇಷ್ಟದಂತೆ. ಅವರಿಗೆ ಇಷ್ಟವಾಗುತ್ತದೆ, ಕೇಟ್, ಇಷ್ಟವಾಗಲೇಬೇಕು ಎನ್ನುತ್ತಾನೆ ಹೆನ್ರಿ. ಆ ಕೊನೆಯ ಪದದಲ್ಲಿ ಗೆದ್ದವನ ದನಿ ಇಣುಕುತ್ತದೆ.

ನೀವು ಕೇಳಿದ ನಂಟು ಇನ್ನೂ ಒಂದು ಕಡೆ ಬಲವಾಗಿದೆ. ನಮ್ಮಿಬ್ಬರಿಗೆ ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷ್ ಆದ ಮಗ ಹುಟ್ಟಲಿ, ಅವನು ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ತುರುಕರ ಸುಲ್ತಾನನ ಗಡ್ಡ ಹಿಡಿಯಲಿ ಎಂದು ಹೆನ್ರಿ ಕನಸು ಕಾಣುತ್ತಾನೆ. ಆ ಮಗನೇ ಆರನೆಯ ಹೆನ್ರಿ. ಅವನ ಕಾಲದಲ್ಲಿ ಫ್ರಾನ್ಸ್ ಕೈಬಿಟ್ಟುಹೋಯಿತು ಎಂದು ನಾಟಕದ ಕೊನೆಯಲ್ಲಿ ಸೂತ್ರಧಾರನೇ ನೆನಪಿಸುತ್ತಾನೆ, ನಮ್ಮ ರಂಗದ ಮೇಲೆ ಅದನ್ನು ಹಲವು ಸಲ ತೋರಿಸಿದ್ದೇವೆ ಎಂಬ ಮಾತನ್ನೂ ಸೇರಿಸಿ. ಅಂದರೆ ‘ಐದನೆಯ ಹೆನ್ರಿ’ಯನ್ನು 1599ರಲ್ಲಿ ನೋಡುತ್ತಿದ್ದವರಿಗೆ, ಈ ಪ್ರಣಯದಿಂದ ಹುಟ್ಟಲಿರುವ ಮಗನ ಶವದ ಮುಂದೆಯೇ ರಿಚರ್ಡ್ ಆನ್‌ಳನ್ನು ಒಲಿಸಿದ್ದು ಎಂದು ಮೊದಲೇ ಗೊತ್ತಿತ್ತು.

ಇವೆರಡರ ನಡುವೆ ಓದಬೇಕಾದ ದೃಶ್ಯ ‘ಆರನೆಯ ಹೆನ್ರಿ’ ಮೂರನೆಯ ಭಾಗದ ಮೂರನೆಯ ಅಂಕದಲ್ಲಿದೆ. ಗಂಡನ ಜಮೀನನ್ನು ಮರಳಿ ಕೊಡಿಸಿರೆಂದು ಬೇಡಲು ಬಂದ ವಿಧವೆ ಲೇಡಿ ಗ್ರೇಯನ್ನು ರಾಜ ನಾಲ್ಕನೆಯ ಎಡ್ವರ್ಡ್ ಹಾಸಿಗೆಗೆ ಕರೆಯುತ್ತಾನೆ. ನಿಮ್ಮ ರಾಣಿಯಾಗಲು ನಾನು ಕೀಳು ಎಂದು ಬಲ್ಲೆ, ಆದರೆ ನಿಮ್ಮ ಉಪಪತ್ನಿಯಾಗಲು ನಾನು ಮೇಲು ಎಂದು ಅವಳು ಹೇಳುತ್ತಾಳೆ. ಅವಳ ಗಟ್ಟಿತನಕ್ಕೆ ಸೋತ ಎಡ್ವರ್ಡ್ ರಾಣಿಯಾಗೆಂದೇ ಕೇಳುತ್ತಾನೆ. ಅತ್ತ ಅವನ ಪರವಾಗಿ ಫ್ರಾನ್ಸಿನಲ್ಲಿ ಬೇರೆ ಹೆಣ್ಣನ್ನು ಕೇಳುತ್ತಿದ್ದ ವಾರಿಕ್, ಈ ಸುದ್ದಿ ತಲುಪಿದ ಗಳಿಗೆಯಲ್ಲಿಯೇ ಪಕ್ಷ ಬದಲಿಸಿ ಯುದ್ಧಕ್ಕೆ ನಿಲ್ಲುತ್ತಾನೆ. ಒಬ್ಬ ಅರಸ ಮೋಸವಿಲ್ಲದೆ ಮನಸಾರೆ ಮೆಚ್ಚಿ ಮದುವೆಯಾದದ್ದೇ ರಾಜ್ಯಕ್ಕೆ ಮುಳುವಾಯಿತು. ಪಕ್ಕದಲ್ಲಿ ನಿಂತು ಇದೆಲ್ಲವನ್ನೂ ಕುಹಕದಿಂದ ನೋಡುತ್ತಿದ್ದ ತಮ್ಮ ರಿಚರ್ಡ್, ಅದೇ ದೃಶ್ಯದ ಕೊನೆಗೆ, ನಾನು ನಗಬಲ್ಲೆ, ನಗುತ್ತಲೇ ಕೊಲ್ಲಬಲ್ಲೆ ಎಂಬ ಸ್ವಗತವನ್ನು ಆಡುತ್ತಾನೆ. ಅಣ್ಣನ ಪ್ರಣಯದಿಂದ ಅವನು ಏನನ್ನು ಕಲಿತನೆಂಬುದು ಮುಂದಿನ ನಾಟಕದಲ್ಲಿ ಗೊತ್ತಾಗುತ್ತದೆ.

ಮಲೆನಾಡಿನ ಓದುಗ (ಮರುಪ್ರಶ್ನೆ)

ಮೂವರಿಗೂ ಮನಃಪೂರ್ವಕ ವಂದನೆಗಳು. ಕಾವಲುಗಾರರ ನಡುಕವನ್ನು ನಾನು ಗಮನಿಸಿಯೇ ಇರಲಿಲ್ಲ. ಈಗ ದೃಶ್ಯವನ್ನು ಮತ್ತೆ ಓದಿದಾಗ ಆನ್‌ಳ ಪ್ರತಿಯೊಂದು ಮಾತಿಗೂ ಬೇರೆಯೇ ತೂಕ ಬಂದಿತು. ಒಂದು ಸಂದೇಹ ಮಾತ್ರ ಉಳಿದಿದೆ. ಅದೇ ಲೇಡಿ ಗ್ರೇ ಮುಂದೆ ರಾಣಿ ಎಲಿಜಬೆತ್ ಆಗಿ, ತನ್ನ ಇಬ್ಬರು ಗಂಡುಮಕ್ಕಳನ್ನು ಗೋಪುರದಲ್ಲಿ ಕೊಲ್ಲಿಸಿದ ರಿಚರ್ಡನ ಎದುರು ನಾಲ್ಕನೆಯ ಅಂಕದಲ್ಲಿ ನಿಲ್ಲುತ್ತಾಳೆ. ಅವನು ಅವಳ ಮಗಳನ್ನೇ ಕೇಳುತ್ತಾನೆ. ಅವಳೂ ಕೊನೆಗೆ ಮಣಿಯುವುದಾದರೆ ನಾಟಕಕಾರ ಒಂದೇ ದೃಶ್ಯವನ್ನು ಎರಡು ಸಲ ಬರೆದನೇ?

ರಂಗಾಸಕ್ತೆ (ಉತ್ತರ)

ಅವಳು ಮಣಿಯುತ್ತಾಳೆಂದು ರಿಚರ್ಡ್ ಭಾವಿಸುತ್ತಾನೆ. ಮೊದಲ ದೃಶ್ಯದ ಎಲ್ಲ ಪಟ್ಟುಗಳನ್ನೂ ಅವನು ಇಲ್ಲಿ ಮತ್ತೆ ಹಾಕುತ್ತಾನೆ, ಆದರೆ ಒಂದೊಂದೂ ಕೈಕೊಡುತ್ತದೆ. ನಿನ್ನ ಗಂಡುಮಕ್ಕಳಿಂದ ರಾಜ್ಯ ಕಿತ್ತುಕೊಂಡಿದ್ದರೆ ಅದನ್ನು ನಿನ್ನ ಮಗಳಿಗೆ ಕೊಟ್ಟು ತೀರಿಸುತ್ತೇನೆ ಎನ್ನುತ್ತಾನೆ. ಮಗಳ ಮನಸ್ಸನ್ನು ಗೆಲ್ಲಬೇಕಾದರೆ, ಅವಳ ತಮ್ಮಂದಿರನ್ನು ಕೊಂದವನ ಕೈಯಲ್ಲಿಯೇ ರಕ್ತ ಸೋರುವ ಎರಡು ಹೃದಯಗಳನ್ನು ಕಾಣಿಕೆಯಾಗಿ ಕಳುಹಿಸು ಎಂದು ಎಲಿಜಬೆತ್ ಹೇಳುತ್ತಾಳೆ. ಆಣೆಯಿಡಲು ಹೋದರೆ ಪದಕ, ಕಿರೀಟ, ದೇವರು ಎಂದು ಅವನು ಹೆಸರಿಸಿದ್ದನ್ನೆಲ್ಲ, ಅದನ್ನು ನೀನು ಆಗಲೇ ಕೆಡಿಸಿದ್ದೀಯೆ ಎಂದು ತಳ್ಳಿಹಾಕುತ್ತಾಳೆ. ಕೊನೆಗೆ ಅವನು ಬರಲಿರುವ ಕಾಲದ ಮೇಲೆ ಆಣೆಯಿಡುತ್ತಾನೆ. ಕಳೆದ ಕಾಲದಲ್ಲಿ ನೀನು ಅದಕ್ಕೂ ದ್ರೋಹ ಬಗೆದಿದ್ದೀಯೆ ಎಂಬ ಉತ್ತರ ಬರುತ್ತದೆ. ನಾಲಿಗೆಯ ಬಲದಿಂದ ಎಲ್ಲವನ್ನೂ ಗಳಿಸಿದವನ ಬಳಿ ಆಣೆಗೂ ಒಂದು ವಸ್ತು ಉಳಿದಿಲ್ಲ.

ಆಮೇಲೆ ಅವಳು, ನಾನು ಹೊರಡುತ್ತೇನೆ, ಬೇಗನೆ ನನಗೆ ಬರೆ, ಮಗಳ ಮನಸ್ಸು ಏನೆಂದು ನನ್ನಿಂದ ತಿಳಿಯುವೆ ಎಂದು ಹೇಳಿ ಹೋಗುತ್ತಾಳೆ. ಗಮನಿಸಿ, ಇಲ್ಲಿ ಹೌದು ಎಂಬ ಮಾತು ಇಲ್ಲ. ಅವಳ ಬೆನ್ನು ತಿರುಗಿದೊಡನೆ ರಿಚರ್ಡ್ ಅವಳನ್ನು ಮಣಿಯುವ ಮೂಢೆ, ಚಂಚಲ ಹೆಣ್ಣು ಎಂದು ಜರೆಯುತ್ತಾನೆ. ಆನ್‌ಳ ಬಗ್ಗೆ ನೀವು ಓದಿದ ವಿಮರ್ಶೆ ಹೇಳುವುದೂ ಇದನ್ನೇ, ಅಂದರೆ ಅದು ರಿಚರ್ಡನ ಕಣ್ಣಿನಿಂದ ನೋಡಿದ ವಿಮರ್ಶೆ. ಮರುದೃಶ್ಯದಲ್ಲಿಯೇ ಸ್ಟ್ಯಾನ್ಲಿ ಎಂಬ ಸರದಾರ, ರಾಣಿ ತನ್ನ ಮಗಳನ್ನು ರಿಚರ್ಡನ ಎದುರಾಳಿ ರಿಚ್ಮಂಡನಿಗೆ ಕೊಡಲು ಮನಸಾರೆ ಒಪ್ಪಿದ್ದಾಳೆ ಎಂಬ ಸುದ್ದಿಯನ್ನು ಗುಟ್ಟಾಗಿ ಕಳುಹಿಸುತ್ತಾನೆ. ಹಾಗಾಗಿ ಎರಡು ದೃಶ್ಯಗಳು ಒಂದೇ ಅಲ್ಲ. ಆನ್‌ಳಿಗೆ ಇಲ್ಲದಿದ್ದ ಒಂದು ದಾರಿ ಎಲಿಜಬೆತ್‌ಳಿಗೆ ಇತ್ತು. ಸಮುದ್ರದಾಚೆ ಇನ್ನೊಬ್ಬ ಹಕ್ಕುದಾರ ಸೈನ್ಯ ಕಟ್ಟುತ್ತಿದ್ದ. ಅದನ್ನು ನಂಬಿ ಅವಳು ಕಪಟಿಗೆ ಕಪಟವನ್ನೇ ಹಿಂದಿರುಗಿಸಿದಳು.

ಇನ್ನೂ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಈ ದೃಶ್ಯದಲ್ಲಿ ತಾಯಿ ಮತ್ತು ರಿಚರ್ಡ್ ನೂರಾರು ಸಾಲುಗಳಲ್ಲಿ ಯಾರ ಬಗ್ಗೆ ವಾದಿಸುತ್ತಾರೋ ಆ ಮಗಳು, ಯಾರ್ಕಿನ ಎಲಿಜಬೆತ್, ನಾಟಕದಲ್ಲಿ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ. ಚರಿತ್ರೆಯಲ್ಲಿ ಅವಳ ಮದುವೆ ಏಳನೆಯ ಹೆನ್ರಿಯಾದ ಈ ರಿಚ್ಮಂಡನೊಂದಿಗೆ 1486ರ ಜನವರಿ 18ರಂದು ನಡೆಯಿತು. ನಾಟಕದ ಕೊನೆಯ ಭಾಷಣದಲ್ಲಿ ರಿಚ್ಮಂಡ್ ಯಾರ್ಕ್ ಮನೆತನದ ಬಿಳಿ ಗುಲಾಬಿ ಮತ್ತು ಲ್ಯಾಂಕಾಸ್ಟರ್ ಮನೆತನದ ಕೆಂಪು ಗುಲಾಬಿಗಳನ್ನು ಒಂದಾಗಿಸುತ್ತೇವೆ ಎಂದು ಘೋಷಿಸುತ್ತಾನೆ. ರಿಚರ್ಡ್ ಸುಳ್ಳಾಡಿಯಾದರೂ ಆನ್‌ಳನ್ನು ಕೇಳಿದ್ದ. ಧರ್ಮಾತ್ಮನೆಂದು ನಾಟಕ ತೋರಿಸುವ ರಿಚ್ಮಂಡ್ ಈ ಹುಡುಗಿಯೊಂದಿಗೆ ಒಂದು ಮಾತನ್ನೂ ಆಡುವುದಿಲ್ಲ.